ಹೆಚ್ಚು, ಅಷ್ಟೇ, ಕಡಿಮೆ: ಒಂದಕ್ಕೆ ಟಿಕ್ ಹಾಕಿ

ದೇಶದ ಉದ್ಯಮಿಗಳಿಗೆ ಎಷ್ಟು ಧೈರ್ಯ ಇದೆ ಅನ್ನೋದನ್ನು ಮೂರು ತಿಂಗಳಿಗೊಮ್ಮೆ ಅಳೆಯುತ್ತಾರೆ. ತಮಾಷೆ ಅಲ್ಲ. ರಿಸರ್ವ್ ಬ್ಯಾಂಕೇ ಕಾರ್ಖಾನೆ ನಡೆಸುವ ಕಂಪನಿಗಳಿಗೆ ಪ್ರಶ್ನೆಪಟ್ಟಿ ಕಳಿಸುತ್ತದೆ. ಆರ್ಡರ್ ಹೇಗಿದೆ, ಉತ್ಪಾದನೆ ಹೇಗಿದೆ, ಸಾಲ ಸಿಗುತ್ತಾ, ಮುಂದಿನ ಮೂರು ತಿಂಗಳು ಹೇಗಿರಬಹುದು. ಉತ್ತರ ಮೂರೇ: ಹೆಚ್ಚು, ಅಷ್ಟೇ, ಕಡಿಮೆ. ‘ಹೆಚ್ಚು’ ಅಂದವರ ಶೇಕಡಾವಾರು ಲೆಕ್ಕದಿಂದ ‘ಕಡಿಮೆ’ ಅಂದವರ ಲೆಕ್ಕ ಕಳೆಯುತ್ತಾರೆ. ಉಳಿದದ್ದೇ ಉದ್ಯಮದ ವಿಶ್ವಾಸ. ‘ಅಷ್ಟೇ’ ಅಂದವರು ಸೊನ್ನೆ. ಬಂದರು, ಟಿಕ್ ಹಾಕಿದರು, ಹೋದರು.

ಈ ಲೆಕ್ಕವನ್ನು ನಮ್ಮ ಕಲಬುರಗಿಯ ಕಪನೂರಿಗೆ ತಂದು ನೋಡೋಣ. ಹತ್ತು ದಾಲ್ ಮಿಲ್ ಅಂತ ಇಟ್ಟುಕೊಳ್ಳಿ. ನಾಲ್ವರು ‘ಹೆಚ್ಚು’ ಅಂದರು, ಮೂವರು ‘ಅಷ್ಟೇ’, ಮೂವರು ‘ಕಡಿಮೆ’. ನಲವತ್ತರಲ್ಲಿ ಮೂವತ್ತು ಹೋದರೆ ಹತ್ತು. ವಿಶ್ವಾಸ ಪ್ಲಸ್ 10. ಮೂರು ತಿಂಗಳಾದ ಮೇಲೆ ‘ಕಡಿಮೆ’ ಅಂದಿದ್ದ ಒಬ್ಬರು ಮಿಲ್ಲಿಗೆ ಬೀಗ ಹಾಕಿದರು. ಬೀಗ ಹಾಕಿದವರು ಫೋನ್ ಎತ್ತಲ್ಲ. ಉಳಿದ ಒಂಬತ್ತು ಜನ ಹಳೇ ಉತ್ತರವನ್ನೇ ಹೇಳಿದರು. ಈಗ ಲೆಕ್ಕ ಮಾಡಿ, ವಿಶ್ವಾಸ ಪ್ಲಸ್ 22! ಇನ್ನಿಬ್ಬರು ಅಳುಬುರುಕರೂ ಮುಚ್ಚಿಕೊಂಡು ಹೋದರೆ ಸೀದಾ 57. ಅಂದರೆ ಮಿಲ್ಲುಗಳು ಮುಚ್ಚಿದಷ್ಟೂ ಕಪನೂರಿನಲ್ಲಿ ಹುರುಪು ಏರುತ್ತಾ ಹೋಗುತ್ತದೆ. ಲೆಕ್ಕ ಹಾಕುವ ಪಂಡಿತರು ಹೋದವರ ಜಾಗಕ್ಕೆ ಬೇರೆಯವರನ್ನು ಸೇರಿಸುತ್ತಾರೆ, ಅದೂ ಇದೂ ಸರಿಪಡಿಸುತ್ತಾರೆ, ಇರಲಿ. ಆದರೂ ಹತ್ತು ಚೀಲ ಜಾಸ್ತಿ ಮಾರಿದವನಿಗೂ ಒಂದೇ ಟಿಕ್, ಸಾವಿರ ಚೀಲದಲ್ಲಿ ಮುಳುಗಿದವನಿಗೂ ಒಂದೇ ಟಿಕ್.

ಮೊನ್ನೆ ಪರಿಚಯದ ಸಾವ್ಕಾರರೊಬ್ಬರ ಮಿಲ್ಲಿನಲ್ಲಿ ಕೂತಿದ್ದೆ. ಅವರದು ಪ್ರೈವೇಟ್ ಲಿಮಿಟೆಡ್. ಅಳಿಯ ಸಿಎ, ಅವನ ಮಾತು ಕೇಳಿ ಮಾಡಿದ್ದು. ಅಂಗಳದ ತುಂಬಾ ಎಣ್ಣೆ ಸವರಿದ ತೊಗರಿ ಹರವಿದ್ದರು. ಇಬ್ಬರು ಹೆಣ್ಣುಮಕ್ಕಳು ಅದರೊಳಗೆ ಕಾಲು ಎಳೆಯುತ್ತಾ ಸಾಲು ಸಾಲಾಗಿ ನಡೆದು ಮಗುಚುತ್ತಿದ್ದರು. ಗೋಡೆ ಪಕ್ಕ ದನದ ಮೇವಿಗೆ ಹೋಗುವ ಚುನ್ನಿಯ ಚೀಲಗಳು. ಮುನೀಮರು ತೂಕದ ಚೀಟಿಗಳನ್ನು ಒಂದೊಂದಾಗಿ ತಂತಿಗೆ ಚುಚ್ಚುತ್ತಿದ್ದರು. ಆಗ ಸಾವ್ಕಾರರ ಎರಡು ಫೋನಿನಲ್ಲಿ ಒಂದು ಬಾರಿಸಿತು. ಸ್ಪೀಕರ್ ಹಾಕಿದರು.

“ಸರ್, ಮುಂದಿನ ತ್ರೈಮಾಸಿಕದಲ್ಲಿ ನಿಮ್ಮ ಒಟ್ಟಾರೆ ವ್ಯವಹಾರದ ಪರಿಸ್ಥಿತಿ ಸುಧಾರಿಸಬಹುದು ಅನ್ನಿಸುತ್ತಾ?”

“ಯಾರ್ ಮಾತಾಡ್ಲತ್ತೀರಿ? ಬ್ಯಾಂಕಿನವರೇನ್ರಿ?”

“ಇಲ್ಲ ಸರ್, ಸರ್ವೆ.”

“ಜಿಎಸ್‌ಟಿಯವರಾ?”

“ಇಲ್ಲ ಸರ್.”

“ಫುಡ್ ಡಿಪಾರ್ಟ್‌ಮೆಂಟಾ?”

“ಇಲ್ಲ ಸರ್, ನಿಮ್ಮ ಉತ್ತರ ಗೌಪ್ಯವಾಗಿರುತ್ತೆ.”

ಗೌಪ್ಯ ಅಂದದ್ದೇ ತಡ, ಸಾವ್ಕಾರರ ಅನುಮಾನ ಪಕ್ಕಾ ಆಯಿತು. “ಅಷ್ಟೇ ಅಂತ ಬರ್ಕೋ ತಂಗಿ.”

“ಯಾವ ಪ್ರಶ್ನೆಗೆ ಸರ್?”

“ಎಲ್ಲಾದಕ್ಕೂ.”

ಅವರದು ತಪ್ಪು ಅಂತ ನಾನಂತೂ ಹೇಳಲ್ಲ. ಇಲ್ಲಿ ಒಂದೇ ತೊಗರಿಗೆ ಮೂರು ಅಳತೆ. ಕ್ಯಾಶ್ ಕ್ರೆಡಿಟ್ ಸಾಲ ಇದ್ದವರು ಬ್ಯಾಂಕಿಗೆ ತಿಂಗಳಿಗೊಮ್ಮೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಗೋದಾಮಿನಲ್ಲಿ ಮಾಲು ಎಷ್ಟು ಜಾಸ್ತಿ ಇದೆಯೋ ಅಷ್ಟು ದುಡ್ಡು ತೆಗೆಯಬಹುದು. ಹಾಗಾಗಿ ಆ ಕಾಗದದಲ್ಲಿ ಚೀಲಗಳು ಛಾವಣಿ ಮುಟ್ಟುತ್ತವೆ. ಅದೇ 2023ರ ಜೂನ್‌ನಲ್ಲಿ ಕೇಂದ್ರ ಸರಕಾರ ತೊಗರಿಗೆ ಸ್ಟಾಕ್ ಲಿಮಿಟ್ ಹಾಕಿತು. ಸಗಟು ವ್ಯಾಪಾರಿಗೆ 200 ಟನ್, ಮಿಲ್ಲಿಗೆ ಬೇರೆ ಲೆಕ್ಕ, ಎಲ್ಲರೂ ಪೋರ್ಟಲ್‌ನಲ್ಲಿ ದಾಸ್ತಾನು ಘೋಷಿಸಬೇಕಿತ್ತು. ಆಗ ಆ ಪೋರ್ಟಲ್‌ನಲ್ಲಿ ಕೆಲವರ ಗೋದಾಮು ಎಷ್ಟು ಖಾಲಿ ಅಂದರೆ ಇಲಿಗಳೂ ಉಪವಾಸ ಬೀಳಬೇಕು. ಮೂರನೆಯದು ಗೋದಾಮಿನಲ್ಲಿ ನಿಜವಾಗಿ ಇರುವ ತೊಗರಿ. ಅದು ಸಾವ್ಕಾರರಿಗೆ ಗೊತ್ತು, ಹಮಾಲರಿಗೆ ಗೊತ್ತು. ಈಗ ನಾಲ್ಕನೆಯವರು ಫೋನ್ ಮಾಡಿ ‘ದಾಸ್ತಾನು ಹೆಚ್ಚಾಗಿದೆಯಾ’ ಅಂದರೆ ಯಾವ ತೊಗರಿ ತೋರಿಸೋದು?

ಅದೂ ಅಲ್ಲದೆ, ವ್ಯಾಪಾರ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳುವ ವ್ಯಾಪಾರಿಯನ್ನು ನೀವು ನೋಡಿದ್ದೀರಾ? ನಮ್ಮ ಧಾನ್ಯದ ಪೇಟೆ ನೆಹರು ಗಂಜಿನಲ್ಲಿ ಹೊಸ ಕಾರು ತಂದವನೂ ಅದಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಲೇ “ಭಾಳ ಮಂದ ಅದರಿ ಈ ಸಲ” ಅನ್ನುತ್ತಾನೆ. ದೃಷ್ಟಿಯ ಭಯ ಅರ್ಧ, ಇನ್‌ಕಮ್ ಟ್ಯಾಕ್ಸ್ ಭಯ ಅರ್ಧ. ಅದೇ ಮನುಷ್ಯ ಸಾಲದ ಲಿಮಿಟ್ ಏರಿಸಿಕೊಳ್ಳಲು ಬ್ಯಾಂಕಿಗೆ ಹೋದಾಗ ಅವನ ಪ್ರಾಜೆಕ್ಟ್ ರಿಪೋರ್ಟ್ ನೋಡಬೇಕು. ವರ್ಷ ವರ್ಷವೂ ವ್ಯಾಪಾರ ಏರುತ್ತಲೇ ಇರುತ್ತದೆ. ಬರ ಇಲ್ಲ, ನೆಟೆ ರೋಗ ಇಲ್ಲ, ಮೊಜಾಂಬಿಕ್‌ನಿಂದ ತೊಗರಿ ಹಡಗು ಬರಲ್ಲ.

ಸಾಲದ ಕಥೆ ಇನ್ನೂ ಸ್ವಾರಸ್ಯ. ಸಾಲ ಸುಲಭವಾಗಿದೆಯೋ ಬಿಗಿಯಾಗಿದೆಯೋ ತಿಳಿಯಲು ಬ್ಯಾಂಕುಗಳನ್ನೇ ಕೇಳುವ ರಿಸರ್ವ್ ಬ್ಯಾಂಕಿನ ಸರ್ವೆ ಬೇರೆ ಇದೆ. 2017ರಿಂದ ನಡೆಯುತ್ತಿದೆ. ದೊಡ್ಡ 30 ಬ್ಯಾಂಕುಗಳ ಹಿರಿಯ ಸಾಲ ಅಧಿಕಾರಿಗಳು ಉತ್ತರ ಕೊಡುತ್ತಾರೆ: ಸಾಲಕ್ಕೆ ಬೇಡಿಕೆ ಹೇಗಿದೆ, ನಮ್ಮ ಷರತ್ತು ಸಡಿಲವೋ ಬಿಗಿಯೋ. ಸೊಸೆಗೆ ಹೊಟ್ಟೆ ತುಂಬಾ ಊಟ ಸಿಗ್ತಾ ಅಂತ ಅತ್ತೆಯನ್ನು ಕೇಳಿದ ಹಾಗೆ. ಅತ್ತೆ ಸುಳ್ಳು ಹೇಳ್ತಾಳೆ ಅಂತಲ್ಲ. ಮೇಲಿನ ಆಫೀಸಿನಿಂದ ಅವರು ಹೊರಡಿಸಿದ ಸುತ್ತೋಲೆ ನಿಜವಾಗಿಯೂ ಸಡಿಲವೇ ಇರಬಹುದು. ಅದು ಕಲಬುರಗಿಯ ಶಾಖೆ ತಲುಪುವಷ್ಟರಲ್ಲಿ ಬಿಸಿಲಿಗೆ ಒಣಗಿ ಗಟ್ಟಿಯಾಗಿರುತ್ತದೆ ಅಷ್ಟೇ.

ಸುಮ್ನೆ ಒಂದು ಸಲ ಒಳಗೆ ಹೋಗಿ ನೋಡಿ. ಗೋಡೆ ಮೇಲೆ ‘ಅಡಮಾನವಿಲ್ಲದೆ ಸಾಲ’ ಅಂತ ನಗುವ ದಂಪತಿಯ ಪೋಸ್ಟರ್. ಅದರ ಕೆಳಗೇ ಕೂತ ಸಾಹೇಬರು ಕೇಳುತ್ತಾರೆ: ಉದ್ಯಮ್ ನೋಂದಣಿ, ಮೂರು ವರ್ಷದ ಬ್ಯಾಲೆನ್ಸ್ ಶೀಟ್, ಜಿಎಸ್‌ಟಿ ರಿಟರ್ನ್, ಜಾಗದ ಎನ್ಎ ಆದೇಶ, ಇಸಿ, ವಕೀಲರ ಅಭಿಪ್ರಾಯ, ಇಂಜಿನಿಯರ್ ವ್ಯಾಲ್ಯುವೇಶನ್, ಜೊತೆಗೆ ಮನೆಯ ಕಾಗದ. “ಅಡಮಾನ ಬೇಡ ಅಂತ ಬರ್ದದಲ್ರಿ ಸಾಹೇಬ್ರ?” “ಹೌದ್ರಿ, ಅಡಮಾನ ಬೇಡ. ಸೆಕ್ಯೂರಿಟಿಗೆ ಅಷ್ಟೇ.” ಆಮೇಲೆ ಸಿಬಿಲ್, ಅಂದರೆ ಸಾಲ ತೀರಿಸಿದ್ದು ತಪ್ಪಿಸಿದ್ದರ ಜಾತಕ. ತಮ್ಮನ ಬೈಕ್ ಸಾಲಕ್ಕೆ ಜಾಮೀನು ಹಾಕಿ, ಅವನು ಎರಡು ಕಂತು ತಪ್ಪಿಸಿದ್ದು ಅಲ್ಲಿ ಅಚ್ಚಾಗಿ ಕೂತಿರುತ್ತದೆ. ಕಡೆಗೆ ಸಾಹೇಬರು ಚಹಾ ಕುಡಿಸಿ ಮರ್ಯಾದೆಯಿಂದ ಕಳಿಸುತ್ತಾರೆ. ಅರ್ಜಿ ಹಾಕಿಲ್ಲ, ಆದ್ದರಿಂದ ತಿರಸ್ಕಾರವೂ ಆಗಿಲ್ಲ. ಪಕ್ಕದ ಓಣಿಯವನು ಈ ಕಥೆ ಕೇಳಿದ ಮೇಲೆ ಬ್ಯಾಂಕಿನ ಮೆಟ್ಟಿಲನ್ನೇ ಹತ್ತಲ್ಲ. ಪುಸ್ತಕದಲ್ಲಿ ಇವರಿಬ್ಬರೂ ಏನಾಗಿ ಸೇರುತ್ತಾರೆ ಗೊತ್ತಾ? ‘ಬೇಡಿಕೆ ಕಡಿಮೆ’.

ಯುರೋಪಿನ ಕೇಂದ್ರ ಬ್ಯಾಂಕು 2009ರಿಂದ ಕಂಪನಿಗಳನ್ನೇ ನೇರವಾಗಿ ಕೇಳುತ್ತಿದೆ, ಹತ್ತು ಜನರಿಗಿಂತ ಕಡಿಮೆ ಕೆಲಸಗಾರರಿರುವ ಪುಟ್ಟ ಘಟಕಗಳನ್ನೂ ಬಿಡದೆ. ಅದರಲ್ಲಿ ಒಂದು ಉತ್ತರ ಹೀಗಿದೆ: ಕೊಡಲ್ಲ ಅಂತಾರೆ ಅನ್ನೋ ಭಯಕ್ಕೆ ಅರ್ಜಿಯನ್ನೇ ಹಾಕಲಿಲ್ಲ. ಈ ಸಾಲು ಓದಿದಾಗ ನನಗೆ ಅದನ್ನು ಬರೆದವರು ನಮ್ಮ ಗಂಜಿಗೆ ಬಂದು ಹೋಗಿರಬೇಕು ಅನ್ನಿಸಿತು. ಜಪಾನಿನ ಕೇಂದ್ರ ಬ್ಯಾಂಕೂ ತನ್ನ ಟ್ಯಾಂಕನ್ ಸರ್ವೆಯಲ್ಲಿ ಸಾಲ ಪಡೆಯುವವರನ್ನೇ ಕೇಳುತ್ತದೆ, ಬ್ಯಾಂಕಿನವರ ಧೋರಣೆ ಸಡಿಲವೋ ಕಟುವೋ ಅಂತ. ಆದರೆ ಅಲ್ಲಿ ಮಾತಾಡಲು 2 ಕೋಟಿ ಯೆನ್ ಬಂಡವಾಳವಾದರೂ ಇರಬೇಕು. ಇಲ್ಲಿ ಕಂಪನಿ ಅನ್ನೋ ಬೋರ್ಡು ಬೇಕು. ಗಂಜಿನ ಪಾಲುದಾರಿಕೆ ಅಂಗಡಿ, ಒಬ್ಬನೇ ಮಾಲೀಕನ ಮಿಲ್ಲು, ಶಹಾಬಾದ್ ಕಲ್ಲು ಪಾಲಿಶ್ ಮಾಡುವ ಶೆಡ್ಡು, ಬೀದರಿನ ಬಿದರಿ ಕುಸುರಿಯವನು, ಇವರ ಧೈರ್ಯ ಎಷ್ಟಿದೆ ಅಂತ ಕೈಗಾರಿಕೆಯ ಆ ಪ್ರಶ್ನೆಪಟ್ಟಿ ಕೇಳಲ್ಲ.

ಹಾಗಂತ ಗಂಜು ಸುಮ್ಮನೆ ಕೂತಿಲ್ಲ. ಅದರದ್ದೇ ಸರ್ವೆ ಇದೆ, ದಿನಾ ನಡೆಯುತ್ತದೆ. ಬ್ರೋಕರ್ ಬೆಳಿಗ್ಗೆ ಅಡತಿ ಅಂಗಡಿಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾನೆ: “ಈ ಪಾರ್ಟಿಗೆ ಎಷ್ಟ್ ದಿನ ಉದ್ರಿ?” ಮೂವತ್ತು ದಿನ ಅಂದರೆ ಬಜಾರು ಬಿಸಿ ಇದೆ. ಹದಿನೈದು ಅಂದರೆ ನೋಡಿಕೊಂಡು ಹೆಜ್ಜೆ ಇಡಿ. ಏಳು ಅಂದರೆ ಎಲ್ಲೋ ಏನೋ ಕೆಟ್ಟಿದೆ. ಪೂರ್ತಿ ರೋಖ ಅಂದರೆ ಯಾರೋ ಕೈ ಎತ್ತಿದ್ದಾರೆ, ಅವರ ಹೆಸರು ಹತ್ತು ಗಂಟೆಯ ಚಹಾದೊಳಗೆ ಇಡೀ ಗಂಜಿಗೆ ಗೊತ್ತಾಗಿರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಲ್ಲ, ಯಾಕಂದ್ರೆ ಉತ್ತರ ಕೊಡುವವನ ಸ್ವಂತ ದುಡ್ಡು ಅದರಲ್ಲಿದೆ. ಮುಂಬೈಯಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, 2025ರ ಫೆಬ್ರವರಿಯಿಂದ ಇಳಿಯುತ್ತಾ ಡಿಸೆಂಬರ್ ಹೊತ್ತಿಗೆ 6.50ರಿಂದ 5.25ಕ್ಕೆ ಬಂತು. ಅದಕ್ಕೆ ಪತ್ರಿಕೆಗಳಲ್ಲಿ ಎಷ್ಟು ಸಂಭ್ರಮ! ನಮ್ಮಲ್ಲಿ ಕೈಗಡ ಕೊಡುವವರ ‘ತಿಂಗಳಿಗೆ ನೂರಕ್ಕೆ ಎರಡು’ ಮಾತ್ರ ಕಾಲು ಪೈಸೆ ಅಲ್ಲಾಡಲಿಲ್ಲ. ಅವರಿಗೆ ರೆಪೊ ಅಂದರೆ ಯಾವ ಊರಿನ ಪಾರ್ಟಿ ಅಂತಲೂ ಗೊತ್ತಿಲ್ಲ.

ಇತ್ತೀಚೆಗೆ ಊರಿನ ಹೋಟೆಲೊಂದರಲ್ಲಿ ಉದ್ಯಮಿಗಳ ಸಭೆ ಇತ್ತು. ಎಸಿ ಹಾಲ್, ದೊಡ್ಡ ಪರದೆ, ಪರದೆ ಮೇಲೆ ಮೇಲಕ್ಕೆ ನುಗ್ಗುವ ಹಸಿರು ಬಾಣ. ಬೆಂಗಳೂರಿನಿಂದ ಬಂದವರು ಲೇಸರ್ ಹಿಡಿದು, ವಿಶ್ವಾಸ ಏರಿದೆ, ಸಾಲದ ವಾತಾವರಣ ಹಿತಕರವಾಗಿದೆ ಅಂದರು. ಚಪ್ಪಾಳೆ. ಹೊರಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೋಳಿಗೆಯ ವಾಸನೆ. ಹಾಲ್ ಬಾಡಿಗೆ ಹೋಟೆಲಿನದು, ಊಟ ಮಾತ್ರ ಹೊರಗಿನ ಕೇಟರಿಂಗ್ ಕಾಕಾನದು. ಒಂದೂವರೆಗೆ ಊಟ ಅಂತ ಕಾರ್ಡಿನಲ್ಲಿತ್ತು. ಎರಡಾದರೂ ಪಾತ್ರೆಗಳ ಮುಚ್ಚಳ ತೆಗೆದಿರಲಿಲ್ಲ. ಹೋಗಿ ನೋಡಿದರೆ ಕಾಕಾ ಬಿಲ್ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ಸಂಘಟಕರು ವಿವರಿಸುತ್ತಿದ್ದರು: ಬಿಲ್ ಬೆಂಗಳೂರಿಗೆ ಹೋಗಿ ಪಾಸಾಗಬೇಕು, ಜಾಸ್ತಿ ಅಂದ್ರೆ 45 ದಿನ.

ಕಾಕಾ ಪರದೆ ಕಡೆ ಒಮ್ಮೆ ಕತ್ತು ಚಾಚಿ ನೋಡಿದರು.

“ಬಾಣ ಮ್ಯಾಲ ಹೋಗ್ಯಾದ, ಭಾಳ ಚಲೋ ಆಯ್ತರಿ ಸಾಹೇಬ್ರ. ಈಗ ರೋಖ ಕೊಡ್ರಿ, ರೊಟ್ಟಿ ಆರ್ಲತ್ತಾವ.”

ಸಂಘಟಕರು ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಮುಂದಿನ ಸಾಲಿನಲ್ಲಿದ್ದ ಬ್ಯಾಂಕಿನ ಸಾಹೇಬರೇ ಎದ್ದು ಬಂದು ತಮ್ಮ ಸ್ವಂತ ಫೋನಿನಿಂದ ದುಡ್ಡು ಹಾಕಿದರು. ಸೆಕ್ಯೂರಿಟಿಗೆ ಅಂತ ಸಂಘಟಕರ ಲ್ಯಾಪ್‌ಟಾಪ್ ಬ್ಯಾಗನ್ನು ಊಟ ಮುಗಿಯುವ ತನಕ ತಮ್ಮ ಕಾಲ ಬಳಿಯೇ ಇಟ್ಟುಕೊಂಡಿದ್ದರು.