ಹೊಸ ಕಾರ್ಡು, ಹಳೇ ತಲೆನೋವು

ನಂಬರ್ ದೊಡ್ಡದಿದ್ರೆ ಕಾರ್ಡೂ ದೊಡ್ಡದು ಅನ್ನೋ ಕಾಲ ಹೋಯ್ತು ಕಣ್ರೀ. ಅಕ್ಕನ ಮಗ ಬ್ಲೆಂಡರ್ ಅನ್ನೋ 3ಡಿ ಚಿತ್ರದ ಸಾಫ್ಟ್‌ವೇರ್ ಕಲೀತಿದಾನೆ, ಅವನಿಗೊಂದು ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ಮೈಸೂರಿನ ಸರಸ್ವತಿಪುರಂ ಕಡೆ ಒಂದು ಅಂಗಡೀಲಿ ಎನ್‌ವಿಡಿಯಾ ಕಂಪನಿಯ ಕಾರ್ಡು ವಿಚಾರಿಸಿದೆ. "3060 ಹಳೇದಾಯ್ತು ಸಾರ್, ಕಣ್ಣು ಮುಚ್ಕೊಂಡು 4060 ತಗೊಳ್ಳಿ" ಅಂದ. ಕಣ್ಣು ಬಿಟ್ಕೊಂಡೇ ನೋಡೋಣ ಅಂತ ಮೊಬೈಲ್ ತೆಗೆದೆ.

2021ರ 3060ರಲ್ಲಿ 12 ಜಿಬಿ ಮೆಮೊರಿ, 192 ಬಿಟ್ ಬಸ್ (ಮೆಮೊರಿಗೆ ಹೋಗೋ ದಾರಿಯ ಅಗಲ), ಲೆಕ್ಕ ಮಾಡೋ 3584 ಕೋರ್. 2023ರ 4060ರಲ್ಲಿ 8 ಜಿಬಿ, 128 ಬಿಟ್, 3072 ಕೋರ್. ಎಲ್ಲಾ ಇಳಿಮುಖ! ಆದ್ರೂ ಗೇಮ್‌ನಲ್ಲಿ ಸಾಮಾನ್ಯವಾಗಿ ಹೊಸದೇ ಮುಂದಂತೆ. ಕ್ಲಾಕ್ (ಚಿಪ್ಪಿನ ವೇಗ) ಜೋರು, ಎಲ್2 ಕ್ಯಾಶ್ ಅನ್ನೋ ಚಿಪ್ಪೊಳಗಿನ ಪುಟ್ಟ ಮೆಮೊರಿ 3 ಎಂಬಿಯಿಂದ 24ಕ್ಕೆ ಏರಿದೆ, ಕರೆಂಟೂ 170 ವಾಟ್ ಬದಲು 115 ಸಾಕು. ಸರಿ, ಒಪ್ಪೋಣ. ಆದ್ರೆ ಹುಡುಗನ 3ಡಿ ದೃಶ್ಯ 8 ಜಿಬಿಯಲ್ಲಿ ಹಿಡಿಸದಿದ್ರೆ ಆ ಕ್ಯಾಶ್ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ? ಸಾಲದ್ದಕ್ಕೆ ಅದು ಬಳಸೋದು ಎಂಟೇ ಪಿಸಿಐಇ ಲೇನು, ಅಂದ್ರೆ ಕಾರ್ಡಿಗೂ ಕಂಪ್ಯೂಟರಿಗೂ ನಡುವಿನ ಡೇಟಾ ದಾರಿ. ಮನೇಲಿರೋ ಹಳೇ ಪಿಸಿಐಇ 3ನೇ ತಲೆಮಾರಿನ ಮದರ್‌ಬೋರ್ಡಿಗೆ ಹಾಕಿದ್ರೆ ಆ ದಾರೀನೂ ಅರ್ಧಕ್ಕರ್ಧ ಕಿರಿದಾಗುತ್ತೆ. ಇದನ್ನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಯಾರು ಬರೀತಾರೆ?

ಹಳೇದ್ರಲ್ಲಾದ್ರೂ ನೆಮ್ಮದಿ ಇದ್ಯಾ ಅಂದ್ರೆ, ಅದೂ ಇಲ್ಲ. ಅದೇ ಕಂಪನಿಯ ಜಿಟಿ 1030 ಕಾರ್ಡಿಗೆ ನಿಧಾನದ ಡಿಡಿಆರ್4 ಮೆಮೊರಿ ಹಾಕಿ ಅದೇ ಹೆಸರಲ್ಲಿ ಬಿಟ್ರು. ಮೆಮೊರಿಯ ಡೇಟಾ ಸಾಗೋ ವೇಗ, ಅಂದ್ರೆ ಸೆಕೆಂಡಿಗೆ 48 ಜಿಬಿ ಇದ್ದ ಬ್ಯಾಂಡ್‌ವಿಡ್ತ್ ಸುಮಾರು 17ಕ್ಕೆ ಇಳೀತು. 3060ಕ್ಕೂ 2022ರಲ್ಲಿ 8 ಜಿಬಿ, 128 ಬಿಟ್‌ನ ತಮ್ಮ ಹುಟ್ಟಿದಾನೆ, ಹೆಸರು ಮಾತ್ರ ಅಣ್ಣಂದೇ.

"12 ಜಿಬಿದೇ ಕೊಡಪ್ಪ" ಅಂದ್ರೆ, "8 ಜಿಬಿದಿದೆ, ಎರಡೂ ಒಂದೇ ಸಾರ್" ಅಂತಾನೆ!