ಟ್ಯಾಂಗೊ ಹಾಡಿನ ವಿರಹ ಯಾರಿಗಾಗಿ?

ಟ್ಯಾಂಗೊ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ನೃತ್ಯ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನವರು ಅದನ್ನು ಕೂತು ಕೇಳುವ ಹಾಡಾಗಿಯೂ ಅಷ್ಟೇ ಪ್ರೀತಿಸಿದರು. ಆ ಹಾಡುಗಳಲ್ಲಿ ಹೆಣ್ಣು ಬಿಟ್ಟುಹೋದ ದುಃಖ ಬಹುಮಟ್ಟಿಗೆ ನೆಪವೆಂದೂ, ಒಳ್ಳೆಯ ಕವಿಯ ಕೈಗೆ ಸಿಕ್ಕಾಗ ಅದು ಕಳೆದುಹೋದ ಕೇರಿಯ ಕಡೆಗೆ ಹೊರಳಿಕೊಳ್ಳುತ್ತದೆಂದೂ ನನಗೆ ಅನ್ನಿಸುತ್ತದೆ.

1917ರಲ್ಲಿ ಕಾರ್ಲೋಸ್ ಗಾರ್ಡೆಲ್ ಹಾಡಿದ ‘ಮಿ ನೋಚೆ ತ್ರಿಸ್ತೆ’ಯಿಂದ (ನನ್ನ ದುಃಖದ ರಾತ್ರಿ) ಈ ಪರಂಪರೆ ಶುರುವಾಯಿತೆನ್ನುತ್ತಾರೆ. ಪಾಸ್ಕುವಾಲ್ ಕೊಂತುರ್ಸಿ ಬರೆದ ಆ ಹಾಡಿನ ಗಂಡಸು, ಅವಳು ಮರಳಿ ಬಂದಾಳೆಂಬ ಭ್ರಮೆಯಲ್ಲಿ ರಾತ್ರಿ ಬಾಗಿಲು ಮುಚ್ಚದೆ ಮಲಗುತ್ತಾನೆ; ಅವಳಿದ್ದಾಗಿನಂತೆಯೇ ಬಿಸ್ಕತ್ತು ತರುತ್ತಾನೆ; ಅವನ ಗಿಟಾರ್ ಬೀರುವಿನಲ್ಲಿ ಸುಮ್ಮನೆ ತೂಗುತ್ತಿದೆ, ಕನ್ನಡಿ ಅತ್ತಂತೆ ಮಸುಕಾಗಿದೆ, ದೀಪಕ್ಕೂ ಬೆಳಗುವ ಮನಸ್ಸಿಲ್ಲ. ಮನೆಯ ಸಾಮಾನೆಲ್ಲ ಅಳುತ್ತಿದ್ದರೂ ಹೋದವಳು ಏಕೆ ಹೋದಳೆಂದು ಯಾರೂ ಕೇಳುವುದಿಲ್ಲ. ಮುಂದಿನ ಎಷ್ಟೋ ಹಾಡುಗಳಲ್ಲಿ ಈ ಅಳು ದೂರಿಗೆ ತಿರುಗಿ, ಆ ದೂರು ಬೈಗುಳವಾದದ್ದನ್ನು ಸಹಿಸುವುದು ಕಷ್ಟ. ಅರ್ಜೆಂಟೀನಾದ ಲೇಖಕ ಬೋರ್ಹೆಸ್ ಇಂಥ ಕಣ್ಣೀರಿನ ಟ್ಯಾಂಗೊವನ್ನು ಹಳಿದು, ಟ್ಯಾಂಗೊಗಿಂತ ಹಳೆಯ ಜನಪದ ಹಾಡುಗಳಾದ ಮಿಲೋಂಗಗಳನ್ನು ಮೆಚ್ಚಿದ್ದು ನನಗೆ ಅರ್ಥವಾಗುತ್ತದೆ, ಆದರೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಏಕೆಂದರೆ 1914ರ ಜನಗಣತಿಯ ವೇಳೆಗೆ ಬ್ಯೂನಸ್ ಐರಿಸ್ ನಗರದ ಸುಮಾರು ಅರ್ಧದಷ್ಟು ಜನ ಹೊರದೇಶಗಳಲ್ಲಿ ಹುಟ್ಟಿದವರು, ಅವರಲ್ಲೂ ಇಟಲಿ ಮತ್ತು ಸ್ಪೇನ್‌ನಿಂದ ದುಡಿಮೆಗೆಂದು ಬಂದವರೇ ಬಹಳ. ಕಡಲಾಚೆ ಉಳಿದ ಊರಿಗಾಗಿ ಬಾಯಿಬಿಟ್ಟು ಅಳಲಾಗದ ಗಂಡಸರು ಕೈಕೊಟ್ಟ ಪ್ರೇಯಸಿಯ ಹೆಸರಿನಲ್ಲಿ ಅತ್ತಿರಬಹುದೆಂಬುದು ನನ್ನ ಊಹೆ. 1935ರ ‘ವೋಲ್ವೆರ್’ (ಮರಳುವುದು) ಹಾಡಿನಲ್ಲಿ, ಬಹುಕಾಲದ ಮೇಲೆ ಊರಿಗೆ ಮರಳುವವನಿಗೆ ದೂರದ ದೀಪಗಳು ಕಂಡಾಗ ಕಾಡುವುದು ಹಿಂದಿನ ಬದುಕು ಎದುರಾದೀತೆಂಬ ಭಯ. ಅದನ್ನು ಹಾಡಿದ ಗಾರ್ಡೆಲ್, ಬರೆದ ಆಲ್ಫ್ರೆದೊ ಲೆ ಪೆರಾ ಇಬ್ಬರೂ ಅದೇ ವರ್ಷದ ಜೂನ್ 24ರಂದು ಕೊಲಂಬಿಯಾದ ಮೆದೆಯಿನ್‌ನ ವಿಮಾನ ದುರಂತದಲ್ಲಿ ತೀರಿಕೊಂಡರು.

ನನ್ನ ಮಾತಿಗೆ ನಿಜವಾದ ಆಧಾರ 1948ರ ‘ಸುರ್’; ಸುರ್ ಎಂದರೆ ದಕ್ಷಿಣ, ಇಲ್ಲಿ ನಗರದ ದಕ್ಷಿಣದ ಕೇರಿಗಳು. ಸಾಹಿತ್ಯ ಓಮೆರೊ ಮಾನ್ಸಿಯದು, ಸಂಗೀತ ಅನೀಬಲ್ ತ್ರೊಯ್ಲೊ ಅವರದು. ಅದು ಶುರುವಾಗುವುದೇ ಸಾನ್ ಹುವಾನ್ ಮತ್ತು ಬೊಯೆದೊ ಬೀದಿಗಳು ಕೂಡುವ ಮೂಲೆಯಿಂದ. ಕಮ್ಮಾರನ ಮೂಲೆ, ಕೆಸರು, ಅವಳ ಮನೆ, ಮನೆಯ ಮುಂದಿನ ಕಾಲುಹಾದಿ, ಹಳ್ಳ, ಕಳೆಗಿಡಗಳ ಮತ್ತು ಕುದುರೆಮಸಾಲೆ ಮೇವಿನ ವಾಸನೆ ಎಲ್ಲವೂ ಒಂದರ ಹಿಂದೊಂದು ಬರುತ್ತವೆ; ಹುಡುಗಿಯ ಕೂದಲೂ ಆ ಸಾಲಿನಲ್ಲೇ ಬಂದು ಹೋಗುತ್ತದೆ. ಅವಳ ಮೇಲೆ ಒಂದು ದೂರೂ ಇಲ್ಲ, ಕೇರಿ ಬದಲಾದ ಸಂಕಟವೂ ಇಪ್ಪತ್ತರ ಹರೆಯದ ಪ್ರೀತಿ ಸತ್ತ ಸಂಕಟವೂ ಇಲ್ಲಿ ಬೇರೆ ಬೇರೆಯಲ್ಲ. ಇಷ್ಟು ಬರೆದ ಮಾನ್ಸಿ ಹುಟ್ಟಿದ್ದು ದೂರದ ಸಾಂತಿಯಾಗೊ ದೆಲ್ ಎಸ್ತೆರೊ ಪ್ರಾಂತ್ಯದಲ್ಲಿ. ಕೇಳುವುದಾದರೆ ತ್ರೊಯ್ಲೊ ವಾದ್ಯವೃಂದದೊಂದಿಗೆ ಎದ್ಮುಂದೊ ರಿವೆರೊ ಹಾಡಿದ್ದನ್ನೇ ಕೇಳಬೇಕು. ಅವರ ತಗ್ಗಿನ ದನಿ ಎಲ್ಲಿಯೂ ಅನುಕಂಪ ಬೇಡುವುದಿಲ್ಲ.

ಆದರೂ ಆ ಹುಡುಗಿ ‘ಸುರ್’ನಲ್ಲಿ ಬಾಯಿಬಿಡುವುದಿಲ್ಲ ಎಂಬ ಕೊರತೆ ಉಳಿಯುತ್ತದೆ. ಅದೇ ದಕ್ಷಿಣ ದಿಕ್ಕನ್ನು ಮುಂದೆ ಗಾಯಕಿ ಎಲಾದಿಯಾ ಬ್ಲಾಸ್ಕೆಸ್ ತಾವೇ ಬರೆದು, ರಾಗ ಹಾಕಿದ ‘ಎಲ್ ಕೊರಸೋನ್ ಅಲ್ ಸುರ್’ನಲ್ಲಿ (ದಕ್ಷಿಣದತ್ತ ಹೃದಯ) ನೆನೆದರು. ಅಲ್ಲಿರುವುದು ಬಡ ಕೇರಿ, ದುಡಿಯುವ ಅಪ್ಪ, ಅಮ್ಮ. ಬಿಟ್ಟುಹೋದ ಪ್ರಿಯಕರನ ಸುದ್ದಿಯೇ ಇಲ್ಲ.