ಶಾವಿಗೆ ಒಣಗಿದ ವರ್ಷ

ನಮ್ಮ ಅಣ್ಣನ ಮಗ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾನೆ. ಓದುವುದೆಂದರೆ, ಇಟ್ಟಂಗಿ ಗಾತ್ರದ ಸಾಮಾನ್ಯ ಜ್ಞಾನದ ಪುಸ್ತಕವನ್ನು ಎದೆಯ ಮೇಲೆ ಇಟ್ಟುಕೊಂಡು ಮಲಗುವುದು. ಮೊನ್ನೆ ಅದನ್ನು ನನ್ನ ಕೈಗೆ ಕೊಟ್ಟು, "ಕಾಕಾ, 2022ರ ಕರ್ನಾಟಕದ ಪ್ರಮುಖ ಘಟನೆಗಳು. ನೀವು ಕೇಳಿರಿ, ನಾನು ಹೇಳುತ್ತೇನೆ" ಎಂದ. ಕೇಳಿದೆ. ನವೆಂಬರ್ 11? ಮೈಸೂರು–ಚೆನ್ನೈ ವಂದೇ ಭಾರತ್ ರೈಲು. ಅದೇ ದಿನ ಇನ್ನೊಂದು? 108 ಅಡಿಯ ಕೆಂಪೇಗೌಡರ ಪ್ರತಿಮೆ. ಗಿಳಿಯ ಹಾಗೆ ಒಪ್ಪಿಸಿದ. "ನಮ್ಮ ಬೆಳಗಾವಿಯಲ್ಲಿ ಏನಾಯಿತು?" ಎಂದೆ. ತಲೆ ಕೆರೆದುಕೊಂಡ. ಪುಸ್ತಕದಲ್ಲಿ ಬೆಳಗಾವಿಯ ಹೆಸರಿದ್ದದ್ದು ಡಿಸೆಂಬರ್ ತಿಂಗಳ ಕೆಳಗಿನ ಒಂದೇ ಸಾಲಿನಲ್ಲಿ: ಚಳಿಗಾಲದ ಅಧಿವೇಶನ.

ಶಾವಿಗೆ ಎಲ್ಲಿ? ಮುನ್ನೂರು ಪುಟ ತಿರುವಿದರೂ ಶಾವಿಗೆ ಇಲ್ಲ.

ಅವನಿಗೆ ತಿಳಿಯಲಿಲ್ಲ, ನಿಮಗೆ ತಿಳಿದಿರುತ್ತದೆ. ಆ ಫೋಟೊ ನಿಮ್ಮ ಮೊಬೈಲಿಗೂ ಹತ್ತು ಸಲ ಬಂದಿರುತ್ತದೆ. ಹಿಂದೆ ಸುವರ್ಣ ವಿಧಾನಸೌಧ, ಮುಂದೆ ಬಿಸಿಲಿಗೆ ಹರವಿದ ಶಾವಿಗೆ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದ ಆ ಕಟ್ಟಡ ಯಾವುದಕ್ಕೆ ಉಪಯೋಗ ಎಂದು ಹತ್ತು ವರ್ಷ ಎಷ್ಟೋ ಮಂದಿ ತಲೆ ಕೆಡಿಸಿಕೊಂಡಿದ್ದರು. ಕಚೇರಿಗಳು ಬರುತ್ತವೆ ಎಂದರು, ಬರುವ ಕಚೇರಿಗಳೆಲ್ಲ ಬೆಂಗಳೂರಿನಲ್ಲೇ ಬೇರು ಬಿಟ್ಟು ಕುಳಿತವು. ಕೊನೆಗೆ ಅದಕ್ಕೊಂದು ಉಪಯೋಗ ಕಂಡುಹಿಡಿದದ್ದು ಅಲ್ಲಿ ಕೂಲಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು.

ಎಂಥ ಕಣ್ಣು ನೋಡಿ! ಶಾವಿಗೆ ಒಣಗಿಸಲು ಏನು ಬೇಕು ಎಂಬುದು ಒಣಗಿಸಿದವರಿಗೇ ಗೊತ್ತು. ನಮ್ಮ ಅವ್ವ ಕಾರಹುಣ್ಣಿಮೆಗೆ ಮುಂಚೆ ಶಾವಿಗೆಗೆ ಕೂಡುತ್ತಿದ್ದಳು. ಹಿಟ್ಟು ನಾದಿ ನಾದಿ ಅವಳ ರಟ್ಟೆ ಬೀಳುತ್ತಿತ್ತು. ಮಣೆಯ ಮೇಲೆ ಹೊಸೆದರೆ ಎಳೆ ಕೂದಲಿನ ಹಾಗೆ ಇಳಿಯಬೇಕು, ನೆಲ ಮುಟ್ಟುವ ಮುಂಚೆ ಪಕ್ಕದ ಮನೆಯ ಕಾಕು ಅದನ್ನು ಕೋಲಿಗೆ ಏರಿಸಿಕೊಳ್ಳಬೇಕು. ಹಿಟ್ಟು ಸ್ವಲ್ಪ ಬಿಗಿಯಾದರೆ ಎಳೆ ತುಂಡು, ಸಡಿಲಾದರೆ ಮುದ್ದೆ. ಇಷ್ಟೆಲ್ಲ ಆದ ಮೇಲೆ ನಿಜವಾದ ಪಂಚಾಯಿತಿ ಶುರುವಾಗುತ್ತಿತ್ತು: ಒಣಗಿಸುವುದೆಲ್ಲಿ? ಅಂಗಳದಲ್ಲಿ ಕೋಳಿ, ಮಾಳಿಗೆಯ ಮೇಲೆ ಬೇವಿನ ಎಲೆ, ಓಣಿಯಲ್ಲಿ ಧೂಳು, ಎದುರು ಮನೆಯವರ ಆಡು. ಬಡಿಗೆ ಹಿಡಿದು ಕಾಗೆ ಕಾಯುವ ಕೆಲಸ ನನ್ನದು. ಆ ಕೆಲಸದಲ್ಲಿ ಎರಡು ಸಲ ನಿದ್ದೆ ಹೋಗಿ ಎರಡು ಸಲವೂ ಬೆನ್ನ ಮೇಲೆ ಅದೇ ಬಡಿಗೆ ಬಿದ್ದಿದೆ. ಆ ಅನುಭವದಿಂದ ಹೇಳುತ್ತೇನೆ, ಹಲಗಾ ದಿನ್ನೆಯ ಮೇಲಿನ ಆ ಜಾಗವನ್ನು ಮೀರಿಸುವ ಜಾಗ ಇಡೀ ಜಿಲ್ಲೆಯಲ್ಲಿಲ್ಲ. ನೆರಳಿಲ್ಲ, ಕೋಳಿಯಿಲ್ಲ, ಆಡಿಲ್ಲ. ಜನಪ್ರತಿನಿಧಿಗಳಂತೂ ವರ್ಷದಲ್ಲಿ ಹನ್ನೊಂದು ತಿಂಗಳು ಇಲ್ಲ. ಕಾವಲಿಗೆ ಪೊಲೀಸರು, ಅದೂ ಪುಕ್ಕಟೆ.

ಫೋಟೊ ಊರೆಲ್ಲ ಸುತ್ತಿದ ಮೇಲೆ ಆಡಳಿತಕ್ಕೆ ಎಚ್ಚರವಾಯಿತು. ಸೌಧದ ಘನತೆಗೆ ಕುಂದು ಬಂದಿತ್ತಂತೆ. ಆ ಹೆಣ್ಣುಮಗಳನ್ನು ಕೆಲಸದಿಂದ ತೆಗೆದರು. ಜನ ಛೀಮಾರಿ ಹಾಕಿದ ಮೇಲೆ ಮತ್ತೆ ತೆಗೆದುಕೊಂಡರು. ಕಡತಗಳು ವರ್ಷಗಟ್ಟಲೆ ಕೊಳೆಯುವ ರಾಜ್ಯದಲ್ಲಿ ಒಂದು ಸೇರು ಶಾವಿಗೆಯ ಕಡತ ಹೇಗೆ ಓಡಿತು ನೋಡಿ!

ಘನತೆಯ ಮಾತು ಬಂದದ್ದಕ್ಕೆ ಡಿಸೆಂಬರ್ ನೆನಪಾಯಿತು. ಆ ವರ್ಷದ ಅಧಿವೇಶನ 19ಕ್ಕೆ ಶುರುವಾಯಿತು. ಅಷ್ಟು ಹೊತ್ತಿಗೆ ಗಡಿ ಕಾದು ಕೆಂಪಾಗಿತ್ತು. 6ರಂದು ಮಹಾರಾಷ್ಟ್ರದ ಇಬ್ಬರು ಸಚಿವರು ಬರುತ್ತಾರೆಂದಾಗಿತ್ತು. ಅವರು ಬರಲಿಲ್ಲ. ಹಿರೇಬಾಗೇವಾಡಿಯ ಟೋಲ್ ನಾಕಾದ ಹತ್ತಿರ ಕಲ್ಲು ಬಿದ್ದದ್ದು ಅಲ್ಲಿಂದ ಬಂದ ಲಾರಿಗಳ ಮೇಲೆ. ಲಾರಿಯ ಚಾಲಕನಿಗೆ ಗಡಿ ಜಗಳದ ಮಹಾಜನ ವರದಿಯೂ ಗೊತ್ತಿಲ್ಲ, ಬೆಳಗಾವಿ ಬೇಕೆಂದು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ದಾವೆಯೂ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಗಾಜಿನ ಬೆಲೆ. 22ರಂದು ನಮ್ಮವರು, ಒಂದಿಂಚೂ ಬಿಡುವುದಿಲ್ಲ ಎಂದು ಸರ್ವಾನುಮತದ ನಿರ್ಣಯ ಮಾಡಿದರು. 27ರಂದು ಅವರು ನಾಗಪುರದಲ್ಲಿ ಕುಳಿತು 865 ಊರುಗಳ ಒಂದೊಂದಿಂಚೂ ಬೇಕು ಎಂದು ಸರ್ವಾನುಮತದ ನಿರ್ಣಯ ಮಾಡಿದರು. ಚಳಿಗಾಲಕ್ಕೆ ಅವರಿಗೆ ನಾಗಪುರ, ನಮಗೆ ಬೆಳಗಾವಿ. ಬೇರೆ ಹೊತ್ತಿನಲ್ಲಿ ಒಂದು ಮಾತಿಗೂ ಒಮ್ಮತಕ್ಕೆ ಬಾರದ ಪಕ್ಷಗಳು ಎರಡೂ ಕಡೆ ಕೈ ಎತ್ತಿದ ಆ ವಾರ ನಿಪ್ಪಾಣಿಯ ಮುದುಕಿಯೊಬ್ಬಳು ಕೊಲ್ಲಾಪುರದ ಮಗಳ ಮನೆಗೆ ಹೋಗಬೇಕಾಗಿದ್ದರೆ, ಬಸ್ ಇದೆಯೋ ಇಲ್ಲವೋ ಎಂದು ನಿಲ್ದಾಣದಲ್ಲಿ ಕಾಯಬೇಕಿತ್ತು. ಯಾವ ನಿರ್ಣಯದಲ್ಲೂ ಅವಳ ಬಸ್ಸಿನ ಮಾತಿಲ್ಲ.

ಇನ್ನು ಅಧಿವೇಶನದ ಹೊತ್ತಿಗೆ ಪ್ರತಿಭಟನೆಗೆ ಕೂಡುವವರ ಸುವರ್ಣ ಗಾರ್ಡನ್ನಿನ ಟೆಂಟುಗಳು. ಪ್ರತಿ ವರ್ಷ ಅದೇ ಟೆಂಟು, ಅದೇ ಬೇಡಿಕೆ. ಸಚಿವರೊಬ್ಬರು ಬಂದು ಮನವಿ ಸ್ವೀಕರಿಸಿ, ಕುಂದಾ ಡಬ್ಬಿ ಹಿಡಿದು ಬೆಂಗಳೂರಿಗೆ ಹೋಗುತ್ತಾರೆ. ಕುಂದಾ ಮಾತ್ರ ಖಂಡಿತ ಮನೆ ಮುಟ್ಟುತ್ತದೆ.

ಹುಡುಗ ಪುಟ ತಿರುವುತ್ತಲೇ ಇದ್ದ. ಏಪ್ರಿಲ್ 2022ರ ಕೆಳಗೆ ಪಿಎಸ್‌ಐ ನೇಮಕಾತಿ ಪರೀಕ್ಷೆ ರದ್ದು ಎಂದಿತ್ತು. ಎಷ್ಟು ಹುದ್ದೆ ಎಂದು ಕೇಳಿದೆ. "545" ಎಂದ. ನಗೆ ಬರಲಿಲ್ಲ. ಕಳ್ಳರನ್ನು ಹಿಡಿಯುವವರನ್ನು ಆರಿಸುವ ಪರೀಕ್ಷೆಯಲ್ಲೇ ಕಳವು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯದೇ ಬಂಧನ. ಇದರಲ್ಲಿ ವಿಡಂಬನೆ ಮಾಡಲು ನನಗೇನೂ ಉಳಿದಿಲ್ಲ. ಹೊಲ ಅಡವಿಟ್ಟು ಧಾರವಾಡದಲ್ಲಿ, ವಿಜಯಪುರದಲ್ಲಿ ಕೋಣೆ ಹಿಡಿದು ಓದಿದ ಹುಡುಗರಲ್ಲಿ ನೆಟ್ಟಗೆ ಬರೆದವರೂ ಮತ್ತೆ ಬರೆಯಬೇಕಾಯಿತು, ಅದೂ 2024ರ ಜನವರಿಯಲ್ಲಿ. ಅಷ್ಟರಲ್ಲಿ ಎಷ್ಟು ಜನ ಪುಸ್ತಕ ಮಡಚಿಟ್ಟು ಊರಿಗೆ ಮರಳಿದರೋ. ಒಂದು ಸೇರು ಶಾವಿಗೆಗೆ ತಡೆಯದ ಘನತೆ ಇದನ್ನು ಹೇಗೆ ತಡೆದುಕೊಂಡಿತು? ಕೇಳಿ ಕೇಳಿ ನನಗೂ ಸಾಕಾಗಿದೆ.

"ಕಾಕಾ, ಡಿಸೆಂಬರ್ 29 ಕೇಳಲಿಲ್ಲ" ಎಂದ. ಅದು ಕಳಸಾ-ಬಂಡೂರಿ ಯೋಜನೆಯ ವಿಸ್ತೃತ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿತೆಂದು ಬೆಳಗಾವಿಯಲ್ಲೇ ಸದನಕ್ಕೆ ತಿಳಿಸಿದ ದಿನ. ನ್ಯಾಯಮಂಡಳಿ 2018ರಲ್ಲೇ ಮಹದಾಯಿಯಲ್ಲಿ ನಮಗೆ ಪಾಲು ಕೊಟ್ಟಿತ್ತು. ಎಷ್ಟು ಎಂದೆ. "13.42 ಟಿಎಂಸಿ. ಕಳಸಾ 1.72, ಬಂಡೂರಿ 2.18" ಎಂದು ದಶಮಾಂಶ ಸಹಿತ ಹೇಳಿದ. ನಮ್ಮ ಭಾಗದ ಮಕ್ಕಳಿಗೆ ನದಿ ದಶಮಾಂಶದಲ್ಲೇ ಪರಿಚಯ.

"ಆ ನೀರು ಮಲಪ್ರಭೆಗೆ ಬಂದು ಸೇರಿತೇ ಕಾಕಾ?"

"ಅದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ. ಮುಂದಿನದು ಹೇಳು."